ಹುಕ್ಸ್ ಮಾತ್ರ ಬಾಕಿ

ನನ್ನ ಪ್ರೋಗ್ರಾಂ ಒಂದು ಹೇಳುತ್ತದೆ, ಅಂಗಡಿಯವರು ಇನ್ನೊಂದು ತಿಳಿಯುತ್ತಾರೆ, ಕೊನೆಗೆ ನಡೆಯುವುದು ಮೂರನೆಯದು. ನನ್ನ ಕಸುಬಿನಲ್ಲಿ ಇದು ತಪ್ಪಿದ್ದೇ ಇಲ್ಲ. ಮನೆ ಬಂಗಾರಪೇಟೆ, ಕಂಪ್ಯೂಟರ್ ಅಂಗಡಿ ಆಂಡರ್ಸನ್‌ಪೇಟೆ. ಸುತ್ತಲಿನ ಅಂಗಡಿಗಳಿಗೆ ಚಿಕ್ಕಪುಟ್ಟ ಪ್ರೋಗ್ರಾಂ ಬರೆದುಕೊಡುತ್ತೇನೆ. ಅವುಗಳಲ್ಲಿ ನನ್ನ ಮಾನ ಕಳೆದದ್ದು ಎದುರಂಗಡಿಯ ಟೈಲರ್ ಮಾಸ್ಟರ್‌ಗೆ ಬರೆದದ್ದು; ಬ್ಲೌಸ್ ಎಲ್ಲಿಗೆ ಬಂತೆಂದು ಗಿರಾಕಿಗೆ ಮೆಸೇಜ್ ಕಳಿಸುವುದು ಅದರ ಕೆಲಸ.

1. ಮೂರು

ಕಂಪ್ಯೂಟರಿಗೆ ಮಾತಿಗಿಂತ ಅಂಕಿ ಇಷ್ಟ. ಹಾಗಾಗಿ ಬ್ಲೌಸಿನ ಒಂದೊಂದು ಹಂತಕ್ಕೂ ಒಂದೊಂದು ಅಂಕಿ ಕೊಟ್ಟೆ: ಬಟ್ಟೆ ಬಂದಿಲ್ಲ ಎಂದರೆ ಸೊನ್ನೆ, ಅಳತೆ ಆಗಿದೆ ಒಂದು, ಕತ್ತರಿಸಿದೆ ಎರಡು, ಹೊಲಿಗೆಯಲ್ಲಿದೆ ಮೂರು, ಸಿದ್ಧ ನಾಲ್ಕು. ಇಂಥ ಪಟ್ಟಿಗೆ ಪ್ರೋಗ್ರಾಂ ಬರೆಯುವವರು ಎನಮ್ ಎನ್ನುತ್ತಾರೆ. ಗಿರಾಕಿಗೆ ಮೆಸೇಜ್ ಹೋಗುವಾಗ ಅಂಕಿ ಮತ್ತೆ ಮಾತಾಗಬೇಕು. ಅಷ್ಟನ್ನು ಬರೆಯಲು ಮರೆತಿದ್ದೆ.

ಮಾರನೆಯ ದಿನ ಊರಿಗಾಂನ ಹೆಂಗಸೊಬ್ಬರು ಬಂದು ಮಾಸ್ಟರ್ ಮುಂದೆ ಫೋನ್ ಹಿಡಿದರು. ‘ನಿಮ್ಮ ಬ್ಲೌಸ್: 3.’

“ನೀವು ಕೊಟ್ಟಿದ್ದು ಒಂದೇ ಪೀಸಲ್ವೇನಮ್ಮಾ,” ಎಂದರು ಮಾಸ್ಟರ್.

“ಅದೆಲ್ಲ ನಂಗೊತ್ತಿಲ್ಲಪ್ಪಾ. ಮೂರು ಅಂತ ಕಳಿಸಿರೋನು ನೀನೇ.”

ಉಳಿದೆರಡನ್ನು ತೊಟ್ಟು ನೋಡಲೆಂದು ಪಕ್ಕದ ಮನೆಯ ಇಬ್ಬರನ್ನೂ ಕರೆತಂದಿದ್ದರು.

2. ಆಯ್ತು

ಅಂಕಿಯನ್ನು ಮಾತು ಮಾಡಿದೆ. ಮಾಸ್ಟರ್ ಮಾತಿನಲ್ಲಿ ಬರೆದರೆ ಪ್ರೋಗ್ರಾಂ ಅದನ್ನು ಅಂಕಿ ಮಾಡಿಕೊಳ್ಳುವಂತೆಯೂ ಮಾಡಿದೆ. ಗೊತ್ತಿಲ್ಲದ ಮಾತು ಬಂದರೆ ಸೊನ್ನೆ ಎಂದಿಟ್ಟೆ. ಅಲ್ಲೇ ಎಡವಿದ್ದು. ನನ್ನ ಪಟ್ಟಿಯಲ್ಲಿದ್ದದ್ದು ‘ಸಿದ್ಧ’. ಮಾಸ್ಟರ್ ಹೊಲಿದು ಮುಗಿಸಿದ ಹನ್ನೊಂದು ಬ್ಲೌಸಿಗೂ ‘ಆಯ್ತು’ ಎಂದು ಬರೆದರು. ಹನ್ನೊಂದು ಮನೆಗೂ ‘ನಿಮ್ಮ ಬಟ್ಟೆ ಬಂದಿಲ್ಲ’ ಎಂದು ಮೆಸೇಜ್ ಹೋಯಿತು.

“ಕೈಯಾಗೆ ಕೊಟ್ಟೋದ್ನಲ್ಲಾ, ಎಲ್ಲೋಯ್ತು ನನ್ ರೇಷ್ಮೆ ಪೀಸು?” ಎಂದು ಒಬ್ಬರು ಶುರುಮಾಡಿದರೆ, ಉಳಿದವರು ದನಿಗೂಡಿಸಿದರು. ಮಾಸ್ಟರ್ ತಣ್ಣಗೆ ನನ್ನ ಅಂಗಡಿಯತ್ತ ಕೈ ತೋರಿಸಿದರು. “ಕಂಪ್ಯೂಟ್ರು ಅವ್ರದ್ದಮ್ಮಾ, ಅವ್ರನ್ನೇ ಕೇಳಿ.”

ಹನ್ನೊಂದು ಜನವೂ ರಸ್ತೆ ದಾಟಿ ಬಂದರು. ಒಬ್ಬರಂತೂ ನನ್ನ ಪ್ರಿಂಟರಿನ ಮುಚ್ಚಳ ತೆಗೆದು ಒಳಗೆ ನೋಡಿದರು.

3. ಎಲ್ಲಕ್ಕೂ ಒಂದೇ

ಸಂಜೆ ಮಾಸ್ಟರ್ ಬಂದು ಕೂತರು. “ನೀವು ಇಷ್ಟೊಂದು ಕಷ್ಟ ಬೀಳಬ್ಯಾಡಿ ಸಾರ್. ಯಾವ ಅಂಕಿ ಇದ್ರೂ ಒಂದೇ ಮಾತು ಓಗ್ಲಿ: ‘ಹುಕ್ಸ್ ಮಾತ್ರ ಬಾಕಿ’.”

“ಬಟ್ಟೆ ಕತ್ತರಿಸದೇ ಇದ್ದರೂ?”

“ಊಂ.”

“ಹೊಲಿದು ಮುಗಿದಿದ್ದರೂ?”

“ಮುಗೀತು ಅಂದ್ರೆ ಎಲ್ರೂ ಒಂದೇ ದಿನ ಬತ್ತಾರೆ, ನಿಂತ್ಕಳ್ಳೋಕೂ ಜಾಗ ಇರಲ್ಲ. ಮೂವತ್ತು ವರ್ಷದಿಂದ ಬಾಯಲ್ಲಿ ಇದ್ನೇ ಹೇಳ್ತಿವ್ನಿ. ಕಂಪ್ಯೂಟ್ರು ಬೇರೆ ಹೇಳಿದ್ರೆ ಜನ ನಂಬಲ್ಲ.”

ಐದು ಅಂಕಿಗೂ ಒಂದೇ ಮಾತು ಬರೆದೆ. ಅಲ್ಲಿಂದಾಚೆ ಒಂದು ದೂರೂ ಇಲ್ಲ. ನಾನು ಬರೆದವುಗಳಲ್ಲಿ ಜನ ಮೆಚ್ಚಿದ್ದು ಇದೊಂದೇ.

4. ನಾದಿನಿಯ ಮದುವೆ

ಹೆಂಡತಿಯ ತಂಗಿಯ ಮದುವೆ ಬಂತು. ಹೆಂಡತಿ ಹೊಸ ಸೀರೆಯ ಬ್ಲೌಸನ್ನು ನನ್ನ ಮಾತು ಕೇಳಿ ಇದೇ ಮಾಸ್ಟರ್‌ಗೆ ಕೊಟ್ಟಿದ್ದಳು. ಮದುವೆಯ ಹಿಂದಿನ ದಿನ ಅವಳಿಗೆ ಮೆಸೇಜ್ ಬಂತು: ‘ಹುಕ್ಸ್ ಮಾತ್ರ ಬಾಕಿ.’ ಕೂಡಲೇ ನನ್ನ ಅಂಗಡಿಗೆ ಫೋನ್ ಮಾಡಿದಳು.

“ಸದ್ಯ, ಹುಕ್ಸ್ ಅಷ್ಟೇ ಅಂತೆ ರೀ. ನಾಳೆ ಬ್ಲೌಸ್ ಇಲ್ಲದಿದ್ರೆ ನಮ್ಮ ಕಡೆಯವರ ಮುಂದೆ ನಿಮ್ಮ ಪ್ರೋಗ್ರಾಂ ಕಥೆಯೆಲ್ಲ ಹೇಳ್ತೀನಿ.”

ಮಾಸ್ಟರ್ ಬಿಟ್ಟರೆ ಆ ಮೆಸೇಜಿನ ಮರ್ಮ ಬಲ್ಲವನು ನಾನೊಬ್ಬನೇ. ಕಂಪ್ಯೂಟರಿನಲ್ಲಿ ಅಂಕಿ ನೋಡಿದೆ: ಒಂದು. ಅಂದರೆ ಕತ್ತರಿಯೇ ಬಿದ್ದಿಲ್ಲ!

ರಸ್ತೆ ದಾಟಿ ಓಡಿದೆ. ನೋಡಿದರೆ ಬ್ಲೌಸ್ ಮಾಸ್ಟರ್ ಕೈಯಲ್ಲೇ ಇದೆ, ತೋಳು, ಅಂಚು ಎಲ್ಲ ಹೊಲಿದು ಥಳಥಳ ಎನ್ನುತ್ತಿದೆ.

“ಮತ್ತೆ ಅಂಕಿ ಒಂದು ಅಂತಿದೆ?”

“ಅಂಕಿ ಯಾವ್ದಿದ್ರೂ ಮೆಸೇಜು ಒಂದೇ ಅಲ್ವಾ ಸಾರ್. ಅದ್ಕೇ ನಾನು ಅದ್ನ ಮುಟ್ಟೋದೇ ಬಿಟ್ಬಿಟ್ಟೆ, ಬರೀ ಕಳಿಸೋ ಗುಂಡಿ ಒತ್ತೋದು.”

ಹೋದ ಜೀವ ಬಂತು. ಅವರ ಕೈಯಿಂದ ಬ್ಲೌಸ್ ಕಿತ್ತುಕೊಂಡೆ.

“ಸಾರ್, ತಡೀರಿ, ಮೆಸೇಜಲ್ಲಿ ಕಳಿಸಿದ್ನಲ್ಲ...”

“ಮೆಸೇಜಿನ ವಿಷಯ ನನಗೆ ಹೇಳಬೇಡಿ ಮಾಸ್ಟರ್. ಬರೆದವನೇ ನಾನು!” ಎಂದು ರೈಲು ಹಿಡಿದೆ.

ಬೆಳಿಗ್ಗೆ ಛತ್ರದ ಕೋಣೆಯಿಂದ ಹೆಂಡತಿ ಕೂಗಿದಳು. ಹೋದೆ. ಬ್ಲೌಸ್ ಅಳತೆಗೆ ಸರಿಯಾಗಿ ಕೂತಿತ್ತು. ಅವಳು ಮಾತ್ರ ಅಕ್ಕಪಕ್ಕದ ಹೆಂಗಸರಿಂದ ಸೇಫ್ಟಿ ಪಿನ್ ಕೂಡಿಸುತ್ತಿದ್ದಳು.

“ಹುಕ್ಸ್ ಬಾಕಿ ಅಂತ ಅವರು ನಿನ್ನೆನೇ ಹೇಳಿದ್ರಲ್ಲ ರೀ,” ಎಂದಳು. “ನಂಬದೇ ಇದ್ದೋರು ನೀವೊಬ್ರೇ.”