ಬಟ್ಟೆ ಕೋಣೆಯಲ್ಲಿ ಎದುರುಗಾಳಿ

ಡ್ಯಾರಿಲ್ ಪಿಕೆಟ್‌ನ ಸಂಕಟ ಇಷ್ಟೇ: ಲೋಕವನ್ನು ಕಾಪಾಡುತ್ತಿದ್ದವನು ಅವನು, ಶಹಬ್ಬಾಸ್‌ಗಿರಿ ಹೋಗುತ್ತಿದ್ದುದು ಲೋಕ ಹಾಳು ಮಾಡುವವನಿಗೆ.

ಲೋಕ ಕಾಪಾಡುವುದೆಂದರೆ ಅವನೇನು ಆಕಾಶದಲ್ಲಿ ಹಾರುತ್ತಿರಲಿಲ್ಲ. (ಹಾರುವ ಮೈಕಟ್ಟೂ ಅಲ್ಲ. ಅವನ ಊರಾದ ಬರ್‌ಬ್ಯಾಂಕಿನ ಡೋನಟ್ ಅಂಗಡಿಯವರು ಅವನ ಕಾರು ತಿರುವಿನಲ್ಲಿ ಕಂಡೊಡನೆ ದೊಡ್ಡ ಡಬ್ಬಿಯನ್ನೇ ಬಿಚ್ಚುತ್ತಿದ್ದರು.) ಕಾರ್ಟೂನ್ ಚಿತ್ರವೊಂದರಲ್ಲಿ ‘ಬಿರುಗಾಳಿ’ ಎಂಬ ಮಹಾಶೂರನಿಗೆ ಅವನು ಕಂಠ ಕೊಡುತ್ತಿದ್ದ. ಚಿತ್ರದ ಕಥೆಯಲ್ಲಿ ನಮ್ಮ ಜಗತ್ತಿಗೆ ಅಂಟಿಕೊಂಡೇ ಇನ್ನೊಂದು ಜಗತ್ತಿದೆ, ಒಂದೇ ಗೋಡೆಯ ಆಚೆ ಮನೆ ಇದ್ದಂತೆ. ಇಲ್ಲಿನ ಒಬ್ಬೊಬ್ಬರಿಗೂ ಅಲ್ಲೊಬ್ಬ ಜೋಡಿ. ಅದೇ ಮೂಗು, ಅದೇ ಗಡ್ಡ, ಬುದ್ಧಿ ಮಾತ್ರ ತಿರುವುಮುರುವು. ಬಿರುಗಾಳಿಯ ಆ ಕಡೆಯ ಜೋಡಿಯೇ ‘ಎದುರುಗಾಳಿ’. ಅವನು ಗೋಡೆ ಒಡೆದುಕೊಂಡು ಬಂದು ಬಿರುಗಾಳಿಯ ಊರು, ಹೆಸರು, ಕೊನೆಗೆ ಬೆನ್ನ ಮೇಲಿನ ಕೆಂಪು ವಸ್ತ್ರವನ್ನೂ ಕಿತ್ತುಕೊಳ್ಳುತ್ತಾನೆ.

ಡ್ಯಾರಿಲ್ ಓದಿದ್ದು ಕಡಿಮೆ. ಮೊದಲು ಕಿತ್ತಳೆಹಣ್ಣು ಹೇರುವ ಲಾರಿ ಓಡಿಸುತ್ತಿದ್ದ. ಒಮ್ಮೆ ದಾರಿಗೆ ಅಡ್ಡ ಕಾರು ನಿಲ್ಲಿಸಿದವನೊಬ್ಬನನ್ನು ಅವನು ಬೈದ ಬೈಗುಳ ಕೇಳಿ, ಬೈಸಿಕೊಂಡವನೇ ಇಳಿದು ಬಂದು, “ನಿನ್ನ ಗಂಟಲು ನನಗೆ ಬೇಕು ಕಣಯ್ಯ” ಎಂದ. ಕೊಲೆ ಬೆದರಿಕೆಯೆಂದುಕೊಂಡು ಡ್ಯಾರಿಲ್ ತೋಳು ಏರಿಸಿದ. ಆತ ಧ್ವನಿಮುದ್ರಣದವನೆಂದು ಗೊತ್ತಾಗುವಷ್ಟರಲ್ಲಿ ಆತನ ಟೋಪಿ ಚರಂಡಿ ಸೇರಿತ್ತು. ಅಲ್ಲಿಂದ ಡ್ಯಾರಿಲ್ ಜಾಹೀರಾತು, ಕಾರ್ಟೂನುಗಳಲ್ಲಿ ಟೈರು, ಸಾಸಿನ ಬಾಟಲಿ, ಒಂದು ಮುಂಗೋಪಿ ಕತ್ತೆ, ಹೀಗೆ ಬಾಯಿಲ್ಲದವಕ್ಕೆಲ್ಲ ಬಾಯಾಗಿ ಬದುಕಿದ. ನಾಯಕನ ಪಾತ್ರ ಇದೇ ಮೊದಲು.

ಬರ್‌ಬ್ಯಾಂಕಿನಲ್ಲಿ ಕಂಠದ ಕಸುಬಿನವರ ಮನೆಗೆ ಹೋದರೆ ಬಟ್ಟೆ ಕೋಣೆಯಲ್ಲಿ ಮೈಕು ನಿಂತಿರುತ್ತದೆ. ಸಾಲಾಗಿ ತೂಗುವ ಕೋಟು, ಗೌನುಗಳ ನಡುವೆ ಸದ್ದು ಗೋಡೆಗೆ ಬಡಿದು ವಾಪಸು ಬರುವುದಿಲ್ಲ. ಪಿಕೆಟ್ ದಂಪತಿಯ ಬಟ್ಟೆ ಕೋಣೆಯಲ್ಲೂ ಅದೇ ಏರ್ಪಾಡು. ಡ್ಯಾರಿಲ್ ಮೈಕಿನ ಮುಂದೆ ನಿಂತು ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಗುಡುಗುವುದು, ಹೆಂಡತಿ ಮಾರ್ಲೀನ್ ಬೂಟಿನ ಪೆಟ್ಟಿಗೆಯ ಮೇಲೆ ಕೂತು ಎದುರು ಪಾತ್ರದ ಮಾತು ಓದಿಕೊಡುವುದು. ಎದುರಿಗೆ ಓದುವವರು ನಟಿಸಬಾರದು, ಇದು ಕಸುಬಿನ ಕಟ್ಟಳೆ. ಮುದ್ರಿಸಿದ್ದನ್ನು ಸ್ಟುಡಿಯೋಗೆ ಕಳಿಸುವ ಮುನ್ನ ಅವರ ಧ್ವನಿಯನ್ನು ಕತ್ತರಿಸಿ ತೆಗೆಯಬೇಕು, ಇದು ಇನ್ನೊಂದು.

ಬಿರುಗಾಳಿಯ ಪಾತ್ರಕ್ಕೆ ಧ್ವನಿಪರೀಕ್ಷೆ ಮುದ್ರಿಸಿ ಕಳಿಸಿದ ದಿನವೂ ಇಬ್ಬರಿಗೂ ಅದೇ ಜಗಳ.

“ನಟನೆ ಬೇಡ ಮಾರ್ಲೀನ್! ಸಪ್ಪಗೆ ಓದು. ಫೋನ್ ನಂಬರ್ ಓದ್ತಾರಲ್ಲ, ಹಾಗೆ.”

“ಎದುರುಗಾಳಿ ಫೋನ್ ನಂಬರ್ ಥರ ಮಾತಾಡಿದ್ರೆ ಯಾರಪ್ಪ ಹೆದರ್ತಾರೆ?”

“ಹೆದರ್ಸೋದಕ್ಕೆ ಬೇರೆ ಕಲಾವಿದ್ರು ಇದಾರೆ. ನೀನು ಬರೀ ಓದೋಳು.”

“ಸರಿ, ಬರೀ ಓದೋಳು” ಎಂದಳು ಮಾರ್ಲೀನ್. ಹಾಗೆ ಅವಳು ಒಪ್ಪಿಕೊಂಡಾಗಲೆಲ್ಲ ಡ್ಯಾರಿಲ್‌ಗೆ ಯಾಕೋ ಬೆನ್ನಿನಲ್ಲಿ ಒಂದು ಚಳಿ.

ಮುಗಿದ ಮೇಲೆ ಕಂಪ್ಯೂಟರು ಅದೇನನ್ನೋ ಕೇಳಿತು. ಡ್ಯಾರಿಲ್ ಅದನ್ನು ಅದರ ವಂಶಸಮೇತ ಬೈದು ಗುಂಡಿಯೊಂದನ್ನು ಗುದ್ದಿದ. ಮುದ್ರಿಸಿದ್ದು ಸ್ಟುಡಿಯೋಗೆ ಹೊರಟುಹೋಯಿತು. (ಆ ಗುಂಡಿಯನ್ನು ನೀವು ನೆನಪಿಟ್ಟುಕೊಳ್ಳಿ, ಡ್ಯಾರಿಲ್ ಅವತ್ತೇ ಮರೆತ.) ಪಾತ್ರವೂ ಸಿಕ್ಕಿತು. ಅವನು ಬೀದಿಗೆಲ್ಲ ಕೇಳುವಂತೆ ನಕ್ಕ.

ನಗು ನಿಂತದ್ದು ಸ್ಟುಡಿಯೋದಲ್ಲಿ. ಅಲ್ಲಿ ಒಬ್ಬೊಬ್ಬರನ್ನೂ ಬೇರೆ ಬೇರೆ ಕರೆಸಿ ಗಾಜಿನ ಕೋಣೆಯಲ್ಲಿ ಮುದ್ರಿಸುತ್ತಾರೆ. ಎದುರಾಳಿಯ ಮಾತು ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಮಾತ್ರ ಬರುತ್ತದೆ. ಒಂದು ಬೆಳಿಗ್ಗೆ ನಿರ್ದೇಶಕಿ ಗ್ರೆಚೆನ್ ಗಾಜಿನ ಆಚೆಯಿಂದ, “ಡ್ಯಾರಿಲ್, ಇವತ್ತು ನಿನಗೆ ಎದುರುಗಾಳೀನ ಕೇಳಿಸ್ತೀನಿ. ಹೆದರ್ಕೋಬೇಡಪ್ಪ” ಎಂದಳು.

“ನಾನು ಹೆದರೋದಾ?” ಎಂದು ಡ್ಯಾರಿಲ್ ಎದೆ ಸೆಟೆಸಿದ.

ಹೆಡ್‌ಫೋನಿನಲ್ಲಿ ಒಂದು ಧ್ವನಿ ಬಂತು. ಕೂಗಿಲ್ಲ, ಗುಡುಗಿಲ್ಲ. ತಗ್ಗಿದ, ನಯವಾದ, ಬೆಣ್ಣೆಯಲ್ಲಿ ಅದ್ದಿದ ಚೂರಿಯಂಥ ಧ್ವನಿ. “ಹತ್ತಿರ ಬಾ. ಹೆದರಬೇಡ. ನಿನ್ನದೆಲ್ಲ ಇನ್ನು ನನ್ನದೇ.”

ಡ್ಯಾರಿಲ್ ತನ್ನ ಸಾಲು ಮರೆತ. ಗಾಜಿನ ಆಚೆ ಗ್ರೆಚೆನ್ ತೋಳು ಉಜ್ಜಿಕೊಳ್ಳುತ್ತ, “ನೋಡು, ನೋಡು, ಎಷ್ಟು ಸಲ ಕೇಳಿದ್ರೂ ಮೈ ಜುಂ ಅನ್ನುತ್ತೆ” ಎಂದು ಪಕ್ಕದವರಿಗೆ ತೋರಿಸಿದಳು. ಕಾಫಿ ತಂದವಳು ಕಾಫಿ ಇಡುವುದನ್ನು ಮರೆತು ನಿಂತಿದ್ದಳು.

“ಯಾರದು ಆ ಕಂಠ?” ಡ್ಯಾರಿಲ್ ಕೇಳಿದ.

“ಹೇಳೋ ಹಾಗಿಲ್ಲ. ಚಿತ್ರ ಬರೋವರೆಗೂ ಗುಟ್ಟು.”

“ನಂದು ಗುಟ್ಟಲ್ವಲ್ಲ?”

“ನಿಂದು ಗುಟ್ಟಾಗಿಡೋದಕ್ಕೆ ಆಗುತ್ತಾ? ಪಾರ್ಕಿಂಗ್‌ವರೆಗೂ ಕೇಳುತ್ತೆ.”

ಮನೆಗೆ ಬಂದವನೇ ಡ್ಯಾರಿಲ್ ತಟ್ಟೆಯಲ್ಲಿದ್ದ ಮಾಂಸದ ತುಂಡನ್ನು ಚೂರಿಯಿಂದ ಇರಿಯುತ್ತ ಹೊಟ್ಟೆಯುರಿ ಕಾರಿಕೊಂಡ. “ಯಾವನೋ ಒಬ್ಬ ಪಿಸುಪಿಸು ಅಂತಾನೆ ಮಾರ್ಲಿ, ಎಲ್ಲರೂ ಕರಗಿ ನೀರಾಗ್ತಾರೆ! ಅದೇನು ಕಂಠವಾ? ಬೆಕ್ಕು ಹಾಲು ಕುಡಿದ ಹಾಗೆ.”

ಮಾರ್ಲೀನ್‌ಳ ಮುಖ ಒಮ್ಮೆಲೇ ಬೆಳಗಿತು. “ಹೌದಾ? ಎಲ್ಲರೂ ಅಂದ್ರೆ ಯಾರ್ಯಾರು? ಗ್ರೆಚೆನ್ ಏನಂದ್ಲು? ಸರಿಯಾಗಿ ಹೇಳು.”

“ಮೈ ಜುಂ ಅನ್ನುತ್ತಂತೆ.”

“ಮೈ ಜುಂ ಅಂತಾನೇ ಅಂದ್ಲಾ?” ಎಂದು ಅವಳು ಕೆನ್ನೆಗೆ ಕೈ ಹಚ್ಚಿದಳು. ಆಮೇಲೆ ಪಾತ್ರೆ ತೊಳೆಯುವಾಗ ಹಾಡು ಗುನುಗಿದಳು. ಮದುವೆಯಾದ ಮೇಲೆ ಅವಳು ಪಾತ್ರೆ ತೊಳೆಯುತ್ತ ಹಾಡಿದ್ದನ್ನು ಡ್ಯಾರಿಲ್ ಕೇಳಿರಲಿಲ್ಲ. ತನ್ನ ಹೆಂಡತಿ, ತನ್ನ ಮಾರ್ಲೀನ್, ಕಾಣದವನೊಬ್ಬನ ಕಂಠಕ್ಕೆ ಸೋತಿದ್ದಾಳೆ!

ಬಿರುಗಾಳಿಯ ಊರನ್ನು ಎದುರುಗಾಳಿ ಹೊತ್ತುಕೊಂಡು ಹೋದರೂ ಡ್ಯಾರಿಲ್‌ಗೆ ಚಿಂತೆಯಿರಲಿಲ್ಲ, ಅದು ಕಾಗದದ ಊರು. ಮಾರ್ಲೀನ್ ಆದರೋ ಇರುವವಳು ಒಬ್ಬಳೇ. ಅವಳಿಲ್ಲದಿದ್ದರೆ ಅವನಿಗೆ ಉದ್ದುದ್ದ ಪದ ಓದಿ ಹೇಳುವವರು ಯಾರು, ಅವನು ಕಿರುಚಿದ ಮೇಲೆ “ಆಯ್ತಾ?” ಎಂದು ಕೇಳುವವರು ಯಾರು?

ಅಂದಿನಿಂದ ಅವನು ಪತ್ತೇದಾರನಾದ. ಗುರುತುಗಳು ದಂಡಿಯಾಗಿ ಸಿಕ್ಕವು. ಮಾರ್ಲೀನ್ ತಂಗಿಯ ಮನೆಗೆಂದು ಪದೇ ಪದೇ ಹೋಗತೊಡಗಿದಳು. (ಆ ತಂಗಿಯ ಜೊತೆ ಅವಳು ಮಾತು ಬಿಟ್ಟು ವರ್ಷಗಳಾಗಿದ್ದವು.) ಕೈಚೀಲದಲ್ಲಿ ಗಂಟಲಿನ ಗುಳಿಗೆ, ಡ್ಯಾರಿಲ್ ಚೀಪುವ ಜಾತಿಯದ್ದಲ್ಲ, ಜೇನಿನ ರುಚಿಯ ದುಬಾರಿ ಜಾತಿ. ಇನ್ನು ಅಡುಗೆಮನೆ ಮೇಜಿನ ಮೇಲೆ ಚೀಲದ ತುಂಬ ನಿಂಬೆಹಣ್ಣು.

“ಎಲ್ಲಿಂದ ಬಂತು ಇದು?”

“ಪ್ರೆಸ್ಕಾಟ್ ಕೊಟ್ಟ. ಅವನ ಗಿಡ ಬಗ್ಗಿಹೋಗಿದೆಯಂತೆ.”

ಪ್ರೆಸ್ಕಾಟ್! ಹಿಂದಿನ ಬೀದಿಯ ಪ್ರೆಸ್ಕಾಟ್ ವೇಲ್! ಗಾಜಿನ ಲೋಟಕ್ಕೆ ದ್ರಾಕ್ಷಾರಸ ಸುರಿಯುವ ಜಾಹೀರಾತುಗಳಿಗೆಲ್ಲ ಅವನದೇ ನಯವಾದ ಕಂಠ. ಬಿಳಿ ಗಡ್ಡ, ಕೊರಳಿಗೆ ರೇಷ್ಮೆ ವಸ್ತ್ರ. ಡ್ಯಾರಿಲ್‌ನ ತಲೆಯಲ್ಲಿ ಎಲ್ಲ ಚೂರುಗಳೂ ಟಕಟಕನೆ ಕೂಡಿಕೊಂಡವು. ಅವನು ನಿಂಬೆಹಣ್ಣಿನ ಚೀಲವನ್ನು ಎತ್ತಿಕೊಂಡು ಯುದ್ಧಕ್ಕೆ ಹೊರಟ.

ಪ್ರೆಸ್ಕಾಟ್ ಅಂಗಳದಲ್ಲಿ ಗಿಡಕ್ಕೆ ನೀರು ಬಿಡುತ್ತಿದ್ದ.

“ಲೋ ಎದುರುಗಾಳಿ!” ಡ್ಯಾರಿಲ್ ಗೇಟಿನಿಂದಲೇ ಅಬ್ಬರಿಸಿದ. “ಹೆಂಗಸರಿಗೆ ನಿಂಬೆಹಣ್ಣು ಹಂಚ್ಕೊಂಡು ಓಡಾಡ್ತೀಯಾ? ಗಂಡಸಾದ್ರೆ ನನ್ನ ಮುಂದೆ ಪಿಸುಗುಟ್ಟೋ! ಯಾಕೋ, ಬಾಯಿ ಬಿದ್ದುಹೋಯ್ತಾ?”

ಬಾಯಿ ಬಿದ್ದೇ ಹೋಗಿತ್ತು. ಪ್ರೆಸ್ಕಾಟ್ ರೇಷ್ಮೆ ವಸ್ತ್ರ ಸರಿಸಿ ಗಂಟಲಿನ ಪಟ್ಟಿ ತೋರಿಸಿದ. ಕೊರಳಿಗೆ ನೇತುಹಾಕಿಕೊಂಡಿದ್ದ ಸಣ್ಣ ಹಲಗೆಯ ಮೇಲೆ ನಿಧಾನವಾಗಿ ಬರೆದ: “ಚಳಿಗಾಲದಲ್ಲಿ ಆಪರೇಷನ್. ಅಂದಿನಿಂದ ಒಂದು ಮಾತೂ ಆಡಿಲ್ಲ.” ಒರೆಸಿ ಮತ್ತೆ ಬರೆದ: “ಇನ್ನಷ್ಟು ನಿಂಬೆಹಣ್ಣು ಬೇಕೇ?”

ಡ್ಯಾರಿಲ್ ಎರಡು ಚೀಲ ನಿಂಬೆಹಣ್ಣು ಹೊತ್ತು ಮನೆಗೆ ವಾಪಸಾದ.

ಬಾಗಿಲು ತೆರೆದು ಒಳಗೆ ಕಾಲಿಟ್ಟನೋ ಇಲ್ಲವೋ, ಮಲಗುವ ಕೋಣೆಯ ಕಡೆಯಿಂದ ಆ ಧ್ವನಿ ಕೇಳಿಸಿತು. ಅದೇ, ಬೆಣ್ಣೆಯಲ್ಲಿ ಅದ್ದಿದ ಚೂರಿ.

“ಹತ್ತಿರ ಬಾ. ಹೆದರಬೇಡ.”

ಡ್ಯಾರಿಲ್‌ನ ಕೈಯಿಂದ ನಿಂಬೆಹಣ್ಣುಗಳು ಉರುಳಿ ನೆಲದ ತುಂಬ ಓಡಿದವು. ಅವನು ಮಾಂಸ ಸುಡುವ ಇಕ್ಕಳವನ್ನು ಸೆಳೆದುಕೊಂಡು ತುದಿಗಾಲಲ್ಲಿ ನಡೆದ. ಧ್ವನಿ ಬರುತ್ತಿದ್ದುದು ಬಟ್ಟೆ ಕೋಣೆಯಿಂದ. ಅವನದೇ ಬಟ್ಟೆ ಕೋಣೆ! ಅವನ ಮೈಕಿನ ಮುಂದೆ!

“ನಿನ್ನದೆಲ್ಲ ಇನ್ನು ನನ್ನದೇ.”

“ಬಾರೋ ಈಚೆಗೆ!” ಎಂದು ಡ್ಯಾರಿಲ್ ಬಾಗಿಲು ಕಿತ್ತು ನುಗ್ಗಿದ. ಕತ್ತಲೆಯಲ್ಲಿ ಒಬ್ಬ ಅಗಲ ಭುಜದವನು ನಿಂತಿದ್ದ. ಡ್ಯಾರಿಲ್ ಅವನ ಕುತ್ತಿಗೆಪಟ್ಟಿ ಹಿಡಿದು ಎರಡು ಕೊಟ್ಟ. ಅವನು ತೋಳು ಬೀಸಿ ಡ್ಯಾರಿಲ್‌ನ ಮುಖ ಮುಚ್ಚಿದ. ಡ್ಯಾರಿಲ್ ಅವನನ್ನು ತಬ್ಬಿ ಎಳೆದ. ಬಟ್ಟೆ ತೂಗುವ ಕಂಬಿ ಲಟಕ್ಕನೆ ಮುರಿದು, ಮನೆಯ ಅಷ್ಟೂ ಕೋಟು, ಗೌನು, ಸ್ವೆಟರುಗಳು ಮಹಾಶೂರನ ಮೇಲೆ ಕುಸಿದವು.

ದೀಪ ಹತ್ತಿತು. ಡ್ಯಾರಿಲ್ ನೆಲದ ಮೇಲೆ ತನ್ನ ಮದುವೆಯ ಸೂಟನ್ನು ಕೆಡವಿಕೊಂಡು ಅದರ ಕತ್ತು ಹಿಸುಕುತ್ತಿದ್ದ. ಬೂಟಿನ ಪೆಟ್ಟಿಗೆಯ ಮೇಲೆ, ಸಾಲು ಓದಿಕೊಳ್ಳಲು ಕೈಯಲ್ಲಿ ಫೋನು ಹಿಡಿದು, ಮಾರ್ಲೀನ್ ಒಬ್ಬಳೇ ಕೂತಿದ್ದಳು.

“ಆಯ್ತಾ?” ಎಂದಳು.

“ಎಲ್ಲಿ ಅವನು? ಎಲ್ಲಿ ಬಚ್ಚಿಟ್ಟಿದೀಯ?” ಅವನು ಅವಳ ಮಳೆಕೋಟಿನ ಜೇಬಿನೊಳಗೂ ನೋಡಿದ.

ಮಾರ್ಲೀನ್ ಫೋನು ಕೆಳಗಿಟ್ಟು, ಕೂದಲು ಹಿಂದೆ ತಳ್ಳಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಮೆಲ್ಲಗೆ, ತೀರಾ ಮೆಲ್ಲಗೆ ಹೇಳಿದಳು. “ಹತ್ತಿರ ಬಾ. ಹೆದರಬೇಡ. ನಿನ್ನದೆಲ್ಲ ಇನ್ನು ನನ್ನದೇ.”

ಡ್ಯಾರಿಲ್‌ನ ಇಕ್ಕಳ ಕೆಳಗೆ ಬಿತ್ತು.

“ಸ್ಟುಡಿಯೋದಲ್ಲಿ ಯಂತ್ರದಿಂದ ಇನ್ನೂ ಸ್ವಲ್ಪ ತಗ್ಗಿಸ್ತಾರೆ, ಅಷ್ಟೇ” ಎಂದಳು ಅವಳು. “ಬಾಯಿ ಬಿಡಬಾರದು ಅಂತ ಸಹಿ ಮಾಡಿಸ್ಕೊಂಡಿದ್ರು. ಅದರಲ್ಲೂ ನಿನ್ನ ಮುಂದೆ.”

“ನಿನಗೆ... ನಿನಗೆ ಯಾರು ಕೊಟ್ರು ಈ ಪಾತ್ರ?”

“ನೀನೇ ಕಣೋ. ಅವತ್ತು ಕಂಪ್ಯೂಟರ್‌ಗೆ ಗುದ್ದಿದ್ಯಲ್ಲ? ನನ್ನ ಧ್ವನಿ ಕತ್ತರಿಸದೆ ಹಾಗೇ ಕಳ್ಸಿಬಿಟ್ಟೆ ನೀನು. ಮಾರನೇ ದಿನ ಗ್ರೆಚೆನ್ ಫೋನ್ ಮಾಡಿದ್ಲು. ‘ಆ ಕೂಗಾಡೋ ಮನುಷ್ಯನ ಎದುರಿಗೆ ಅಷ್ಟು ತಣ್ಣಗೆ ಕೂತಿರೋರು ಯಾರಮ್ಮ? ಕೇಳಿ ನಿದ್ದೆ ಬರಲಿಲ್ಲ’ ಅಂದ್ಲು.”

“ಅಂದ್ರೆ ನನ್ನ ಆರಿಸಿದ ಮೇಲೆ ನಿನ್ನನ್ನೂ...”

ಮಾರ್ಲೀನ್ ಬಿದ್ದಿದ್ದ ಗೌನೊಂದನ್ನು ಎತ್ತಿ ಮಡಚಿದಳು. “ಇಲ್ಲ ಡ್ಯಾರಿಲ್. ಮೊದಲು ನನ್ನ ಆರಿಸಿದ್ರು. ಆಮೇಲೆ, ನನ್ನ ಎದುರಿಗೆ ಯಾರು ಚೆನ್ನಾಗಿ ತಬ್ಬಿಬ್ಬಾಗ್ತಾರೆ ಅಂತ ಹುಡುಕಿದ್ರು.”

ಡ್ಯಾರಿಲ್ ಸ್ವೆಟರುಗಳ ಗುಡ್ಡೆಯ ಮೇಲೆ ಕೂತ. ಹೆಂಡತಿ ಯಾರ ಜೊತೆಗೂ ಓಡಿಹೋಗುತ್ತಿಲ್ಲ ಎಂಬ ಸಮಾಧಾನ ಒಂದು ಕಡೆ ಎದ್ದಿತು. ಅದರ ಬೆನ್ನಿಗೇ, ಮೈ ಜುಂ ಅನ್ನಿಸುವ ಕಂಠ ಅವಳದು, ಪಾರ್ಕಿಂಗ್‌ವರೆಗೆ ಕೇಳುವ ಕಂಠ ತನ್ನದು ಎಂಬ ಉರಿ. ಪರಪುರುಷನ ಮೇಲೆ ಪಡುವ ಹೊಟ್ಟೆಕಿಚ್ಚಾದರೆ ಹೋಗಿ ಎರಡು ಬಿಗಿದು ಬರಬಹುದು. ಒಂದೇ ಹಾಸಿಗೆಯಲ್ಲಿ ಮಲಗುವ ಹೊಟ್ಟೆಕಿಚ್ಚಿಗೆ ಏನು ಮಾಡುವುದು?

“ಇಷ್ಟು ಕೆಟ್ಟತನ ಎಲ್ಲಿ ಕಲಿತೆ ನೀನು?”

“ಕಲಿಯೋದೇನು? ನೀನು ಕೂಗಾಡುವಾಗೆಲ್ಲ ಮನಸ್ಸಲ್ಲಿ ಹೇಳ್ಕೊಳ್ತಿದ್ದೆ. ಈಗ ಬಾಯಿಬಿಟ್ಟು ಹೇಳ್ತೀನಿ. ಅದಕ್ಕೆ ಸಂಬಳ ಬೇರೆ ಕೊಡ್ತಾರೆ.”

ಕೊನೆಯ ದೃಶ್ಯಕ್ಕೆ ಗ್ರೆಚೆನ್ ಪದ್ಧತಿ ಮುರಿದು ಇಬ್ಬರನ್ನೂ ಒಟ್ಟಿಗೆ ನಿಲ್ಲಿಸಿದಳು. ಕಥೆಯ ಪ್ರಕಾರ ಎರಡು ಜಗತ್ತುಗಳ ನಡುವಿನ ಬಿರುಕು ಮುಚ್ಚಬೇಕಾದರೆ ಬಿರುಗಾಳಿ ತನ್ನ ಜೋಡಿಯ ಮುಂದೆ ತಲೆ ತಗ್ಗಿಸಿ, “ತಪ್ಪು ನನ್ನದೇ” ಎನ್ನಬೇಕು. ಎರಡೇ ಪದ. ಡ್ಯಾರಿಲ್ ಸಿಂಹದಂತೆ ಗರ್ಜಿಸಿ ಹೇಳಿದ. ಹಲ್ಲು ಕಡಿದು ಹೇಳಿದ. ಅಳುತ್ತ ಹೇಳಿದ.

“ನಂಬಿಕೆ ಬರ್ತಿಲ್ಲಪ್ಪ” ಎಂದಳು ಗ್ರೆಚೆನ್. “ಈ ಮಾತು ನೀನು ಯಾವತ್ತೂ ಯಾರಿಗೂ ಹೇಳೇ ಇಲ್ವೇನೋ ಅನ್ನಿಸುತ್ತೆ.”

“ಇಲ್ಲ” ಎಂದಳು ಮಾರ್ಲೀನ್, ಜೇನಿನ ಗುಳಿಗೆ ಚೀಪುತ್ತ.

ಮಧ್ಯಾಹ್ನವಾಯಿತು. ಗಾಜಿನ ಆಚೆಯವರು ಸ್ಯಾಂಡ್‌ವಿಚ್ ಬಿಚ್ಚಿದರು. ಆಗ ಮಾರ್ಲೀನ್ ಅವನ ಕಿವಿಗೆ ಬಾಗಿ, ಮೈಕಿಗೆ ಬೀಳದಂತೆ, ಆ ಬೆಣ್ಣೆ ಧ್ವನಿಯಲ್ಲೇ ಕೇಳಿದಳು: “ಅವತ್ತು ನನ್ನ ಧ್ವನಿ ಕತ್ತರಿಸಿ ಕಳ್ಸಿದ್ರೆ ಇದೆಲ್ಲ ಆಗ್ತಿತ್ತೇನೋ?”

ಡ್ಯಾರಿಲ್‌ನ ಕಣ್ಣ ಮುಂದೆ ಆ ಗುಂಡಿ ಬಂತು. ತಾನು ಗುದ್ದಿದ ಗುಂಡಿ. ಅವನ ಹೊಟ್ಟೆಯ ತಳದಿಂದ ಒಂದು ನರಳಾಟ ಎದ್ದು, ಎದೆಯಲ್ಲಿ ತಿರುಗಿ, ಬಾಯಿಗೆ ಬಂತು.

“ತಪ್ಪು... ನನ್ನದೇ.”

ಗಾಜಿನ ಆಚೆ ಎಲ್ಲರೂ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಡ್ಯಾರಿಲ್ ನಡು ಬಗ್ಗಿಸಿ ವಂದಿಸಿದ. ತಲೆಯೆತ್ತಿ ನೋಡಿದರೆ ಗ್ರೆಚೆನ್ ಓಡಿ ಬಂದು ಮಾರ್ಲೀನ್‌ಳನ್ನು ಅಪ್ಪಿಕೊಂಡಿದ್ದಳು. “ಅದೇನು ಹೇಳ್ದೆ ಮಾರಾಯ್ತಿ ಅವನ ಕಿವೀಲಿ?”

ಚಿತ್ರ ಬಿಡುಗಡೆಯಾಗಿ ಗೆದ್ದಿತು. ಊರ ಮಕ್ಕಳೆಲ್ಲ ಎದುರುಗಾಳಿಯ ಮುಖವಾಡ ಹಾಕಿಕೊಂಡು ಮೆಲ್ಲಗೆ ಮಾತಾಡುತ್ತ ಓಡಾಡಿದರು. ಅವರ ತಾಯಂದಿರು ಆ ಮೌನಕ್ಕೆ ಸ್ಟುಡಿಯೋವನ್ನು ಹರಸಿದರು. ಈಗ ಎರಡನೆಯ ಚಿತ್ರ ತಯಾರಾಗುತ್ತಿದೆ. ಅದರಲ್ಲಿ ಎದುರುಗಾಳಿಯೇ ನಾಯಕ. ಬಿರುಗಾಳಿ ಮೊದಲ ದೃಶ್ಯದಲ್ಲಿ ಬಂದು ಒಮ್ಮೆ ನರಳಿ ಹೋಗುತ್ತಾನೆ.

ಇವತ್ತು ಸಂಜೆ ನೀವು ಪಿಕೆಟ್ ದಂಪತಿಯ ಮನೆಗೆ ಹೋದರೆ ಬಟ್ಟೆ ಕೋಣೆಯಲ್ಲಿ ಹೊಸ ಕಂಬಿ ಕಾಣುತ್ತೀರಿ. ಮೈಕಿನ ಮುಂದೆ ಮಾರ್ಲೀನ್. ಬೂಟಿನ ಪೆಟ್ಟಿಗೆಯ ಮೇಲೆ ಮೊಣಕಾಲು ಮಡಚಿ ಡ್ಯಾರಿಲ್, ಸಾಲುಗಳ ಮೇಲೆ ಬೆರಳಿಟ್ಟುಕೊಂಡು ಎದುರು ಪಾತ್ರದ ಮಾತು ಓದಿಕೊಡುತ್ತಿರುತ್ತಾನೆ. ಪಾಪ, ಹಳೆಯ ಚಟ; ಎರಡನೆಯ ಸಾಲಿಗೇ ಅವನ ಧ್ವನಿ ಏರುತ್ತದೆ, ಎದೆ ಉಬ್ಬುತ್ತದೆ, ಕೈ ಗಾಳಿಯಲ್ಲಿ ಬೀಸುತ್ತದೆ.

“ನಟನೆ ಬೇಡ ಡ್ಯಾರಿಲ್” ಎನ್ನುತ್ತಾಳೆ ಮಾರ್ಲೀನ್, ಮೆಲ್ಲಗೆ. “ಸಪ್ಪಗೆ ಓದು. ಫೋನ್ ನಂಬರ್ ಓದ್ತಾರಲ್ಲ, ಹಾಗೆ.”