ನಮ್ಮೂರ ನೆಲ ನಡುಗುವುದಿಲ್ಲ!

"ನಾಳೆ ಬೆಳಗ್ಗೆ ಆ ಟಿ.ವಿ.ಯವರ ಬಾಯಿಂದಲೇ ನಮ್ಮೂರಿಗೆ ಕ್ಷಮೆ ಕೇಳಿಸದಿದ್ದರೆ ನಾನು ಈ ಊರಿನವನೇ ಅಲ್ಲ!"

ರಿಪೇರಿಯಣ್ಣ ಹೀಗೆ ಗುಡುಗಿದಾಗ ಅವನ ಬಲಗೈಯಲ್ಲಿ ಸ್ಕ್ರೂಡ್ರೈವರ್ ಇತ್ತು, ಎಡಗೈಯಲ್ಲಿ ಮಿಕ್ಸಿಯ ಮುಚ್ಚಳವಿತ್ತು. ಖಡ್ಗ, ಗುರಾಣಿ ಹಿಡಿದ ರಣಧೀರನೆಂದೇ ಹೇಳಬಹುದಿತ್ತು, ಬನಿಯನ್ನಿನ ಬೆನ್ನಿನಲ್ಲಿ ಕಿಟಕಿಯಂಥ ತೂತೊಂದು ಇಲ್ಲದಿದ್ದರೆ!

"ಶಪಥ ಆಮೇಲೆ ಮಾಡಿ. ಮೊದಲು ಆ ಮುಚ್ಚಳ ಕೊಡಿ, ಅಡುಗೆ ಅರ್ಧಕ್ಕೆ ನಿಂತಿದೆ," ಎಂದಳು ಹೆಂಡತಿ. ಆಕೆ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಗಂಡನ ಆವೇಶ ಎಷ್ಟೇ ದೊಡ್ಡದಿರಲಿ, ಶೇಷ ಉಳಿಯದಂತೆ ಭಾಗಿಸುವುದು ಆಕೆಗೆ ಗೊತ್ತಿತ್ತು.

ರಿಪೇರಿಯಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆಯೇ ಇತ್ತು. ಆದರೆ ಅದು ಉಪಯೋಗವಿಲ್ಲದೆ ತುಕ್ಕು ಹಿಡಿದುಹೋಗಿತ್ತು. ದೊಡ್ಡ ಬೀದಿಯಲ್ಲಿ ಮುಂದೆ ಅಂಗಡಿ, ಹಿಂದೆ ಮನೆ. ಮಿಕ್ಸಿ, ಫ್ಯಾನು, ಇಸ್ತ್ರಿಪೆಟ್ಟಿಗೆ, ವಾಷಿಂಗ್ ಮಷೀನು, ಏನು ಕೆಟ್ಟರೂ ಊರು ಅವನ ಬಾಗಿಲಿಗೇ ಬರುತ್ತಿತ್ತು. ಕೆಟ್ಟದ್ದರ ಮೇಲೆ ಅವನಿಗೆ ಮೊದಲಿನಿಂದಲೂ ಮಮತೆ. ಊರಿನ ಮೇಲೆ ಅಷ್ಟೊಂದು ಪ್ರೀತಿ ಇದ್ದದ್ದೂ ಬಹುಶಃ ಅದಕ್ಕೇ!

ಊರು ಮಹಾ ಊರೇನಲ್ಲ. ಪಾರ್ಕಿನ ಕಾರಂಜಿಯಲ್ಲಿ ಹುಲ್ಲು ಬೆಳೆದಿತ್ತು. ಬಸ್ ನಿಲ್ದಾಣದ ಸೂರು ಬಿಸಿಲನ್ನು ಒಳಗೆ ಬಿಟ್ಟು ಗಾಳಿಯನ್ನು ಹೊರಗೆ ತಡೆಯುತ್ತಿತ್ತು. ಇನ್ನು ರಸ್ತೆಯ ಗುಂಡಿಗಳು! ಅವು ಎಷ್ಟು ಹಳೆಯವೆಂದರೆ ಊರಿನವರು ಅವಕ್ಕೆ ನಾಮಕರಣವನ್ನೇ ಮಾಡಿಬಿಟ್ಟಿದ್ದರು. ಹಲ್ಲಿನ ಡಾಕ್ಟರ ಮನೆ ಮುಂದಿನದು 'ಹುಳುಕು'. ಬ್ಯಾಂಕಿನ ಮುಂದಿನದು 'ಉಳಿತಾಯ ಖಾತೆ', ಏಕೆಂದರೆ ಅದರಲ್ಲಿ ನೀರು ತುಂಬುತ್ತಾ ಹೋಗುತ್ತದೆಯೇ ಹೊರತು ಯಾರೂ ತೆಗೆಯುವುದಿಲ್ಲ. ಇದನ್ನೆಲ್ಲ ರಿಪೇರಿಯಣ್ಣನೇ ದಿನಾ ಬೈಯುತ್ತಿದ್ದ. ಆದರೆ ಹೆತ್ತವರಿಗೆ ಹೆಗ್ಗಣ ಮುದ್ದು. ಹೆಗ್ಗಣವನ್ನು ಹೆಗ್ಗಣ ಅನ್ನುವ ಹಕ್ಕು ಹೆತ್ತವರಿಗೆ ಮಾತ್ರ ಎಂಬುದು ಅವನ ಸಂವಿಧಾನದ ಮೊದಲನೆಯ ವಿಧಿ.

ಈ ವಿಧಿಗೆ ಆ ಸಂಜೆ ಟಿ.ವಿ.ಯವರು ಧಕ್ಕೆ ತಂದಿದ್ದರು. ಯಾರೋ ದಾರಿಹೋಕ ಅಂದು ಬೆಳಗ್ಗೆ ಬೇಕರಿಯಲ್ಲಿ ಟೀ ಕುಡಿಯುವಾಗ ಮೇಜಿನ ಮೇಲೆ ಅವನ ಲೋಟ ತಾನೇ ತಾನಾಗಿ ಕುಣಿಯಿತಂತೆ, ಎಲ್ಲಿಂದಲೋ ಗುಡುಗುಡು ಶಬ್ದ ಕೇಳಿಸಿತಂತೆ. ಪುಣ್ಯಾತ್ಮ ಮೊಬೈಲಿನಲ್ಲಿ ಹಿಡಿದು ಕಳಿಸಿದ್ದ. ಅಷ್ಟೇ ಸಾಕಾಯಿತು. ಪರದೆಯ ಮೇಲೆ ಅಕ್ಷರಗಳು ಬೆಂಕಿ ಉಗುಳುತ್ತ ಬಂದವು: "ಗುಡುಗುವ ನೆಲ! ನಡುಗುವ ಜನ!" ಕುಣಿಯುವ ಲೋಟದ ಸುತ್ತ ಕೆಂಪು ವೃತ್ತ, ವೃತ್ತಕ್ಕೊಂದು ಬಾಣ, ಬಾಣಕ್ಕೊಂದು ಸದ್ದು. "ಈ ಊರಿನ ಕೆಳಗೆ ಇರೋದೇನು? ಜ್ವಾಲಾಮುಖಿಯಾ? ಗುಪ್ತ ಗುಹೆಯಾ?" ಎಂದು ನಿರೂಪಕ ಊರು ತನ್ನ ಮೇಲೇ ಬಿದ್ದವನಂತೆ ಕಿರುಚಿದ. ಅರ್ಧ ಡಜನ್ ಪೆಟ್ಟಿಗೆಗಳಲ್ಲಿ ಅರ್ಧ ಡಜನ್ ಪಂಡಿತರು ಕಚ್ಚಾಡಿದರು. ಭೂವಿಜ್ಞಾನಿಯೊಬ್ಬರೂ ಇದ್ದರು ಪಾಪ. ಅವರು ಕಾರ್ಯಕ್ರಮ ಮುಗಿಯುವವರೆಗೂ ಬಾಯಿ ತೆರೆಯುತ್ತ, ಮುಚ್ಚುತ್ತ ಗಾಜಿನ ತೊಟ್ಟಿಯ ಮೀನಿನಂತೆ ಕಾಲ ಕಳೆದರು.

"ಲೋ, ನಮ್ಮ ಅಂಗಡಿ ಬೋರ್ಡು ಕಾಣಿಸ್ತು ಕಣೋ!" ಎಂದು ಅಮ್ಮ ಚಪ್ಪಾಳೆ ತಟ್ಟಿದಳು. ಅಮ್ಮನಿಗೆ ವಾರ್ತೆಯೆಂದರೆ ಪ್ರಾಣ. ಭೂಮಿ ಬಾಯಿ ಬಿಟ್ಟರೂ ಅವಳು ಅದನ್ನು ಟಿ.ವಿ.ಯಲ್ಲಿ ನೋಡಿಯೇ ನಂಬುವವಳು.

ಆಮೇಲೆ ಶುರುವಾಯಿತು ನೋಡಿ ಫೋನಿನ ಸುರಿಮಳೆ! ನೆಂಟರ ಸಂತಾಪ ಸಹಿಸುವುದಕ್ಕಿಂತ ಭೂಕಂಪ ವಾಸಿ. ಕೊನೆಗೆ ಭಾವಮೈದುನ, "ಭಾವ, ಅಕ್ಕನ್ನಾದ್ರೂ ಇಲ್ಲಿಗೆ ಕಳಿಸಿಕೊಡಿ. ನೀವು ಬೇಕಾದ್ರೆ ಊರಿನ ಜೊತೆ ಮುಳುಗಿ!" ಅಂದಾಗ ರಿಪೇರಿಯಣ್ಣನ ಫ್ಯೂಸು ಹಾರಿತು. ಚಾನೆಲ್ಲಿಗೇ ಫೋನು ಹಚ್ಚಿದ.

"ನಾಳೆ ನಮ್ಮ ವರದಿಗಾರ್ತಿ ನಿಮ್ಮನೆಗೇ ನೇರ ಪ್ರಸಾರಕ್ಕೆ ಬರ್ತಾರೆ ಸರ್. ನೆಲ ನಡುಗಲಿಲ್ಲ ಅಂದ್ರೆ ಕ್ಷಮೆ ಕೇಳ್ತೀವಿ."

"ನಡುಗಿದ್ರೆ?"

"ನಡುಗಿದ್ರೆ ಇನ್ನೇನು ಸರ್, ಇಡೀ ವಾರ ತೋರಿಸ್ತೀವಿ!"

ಆಗ ಹುಟ್ಟಿದ್ದೇ ಮೇಲಿನ ಭೀಷ್ಮ ಶಪಥ.

ಬೆಳಗಾಗುತ್ತಲೇ ರಿಪೇರಿಯಣ್ಣ ಸಾಕ್ಷಿ ಕಲೆಹಾಕಲು ಹೊರಟ. ಬೇಕರಿಯವನು ಹಿಟ್ಟು ನಾದುತ್ತಿದ್ದ. ತಲೆ ಎತ್ತಲಿಲ್ಲ.

"ಶಬ್ದಾನಾ? ಯಾವ ಶಬ್ದ ಅಣ್ಣಾ?"

"ಅದೇ ಕಣಯ್ಯಾ, ನಿನ್ನ ಲೋಟ ಕುಣೀತಂತಲ್ಲ!"

"ಟೀ ಚೆನ್ನಾಗಿತ್ತು, ಖುಷಿಗೆ ಕುಣಿದಿರಬೇಕು ಬಿಡಿ."

ಪಕ್ಕದ ಮನೆಯ ಅಕ್ಕ ಗೇಟಿನಲ್ಲೇ ನಿಂತು, "ನಮಗ್ಯಾರಿಗೂ ಏನೂ ಕೇಳಿಸಿಲ್ಲಪ್ಪ. ಕೇಳಿಸಿದ್ರೂ ಹೊರಗಿನೋರ ಮುಂದೆ ಹೇಳೋ ಜನ ಅಲ್ಲ ನಾವು," ಎಂದಳು. ರಿಪೇರಿಯಣ್ಣ ಮೊದಲ ವಾಕ್ಯಕ್ಕೇ ಹಿಗ್ಗಿ ಹೀರೇಕಾಯಿಯಾಗಿದ್ದರಿಂದ ಎರಡನೆಯದು ಅವನ ಕಿವಿಗೆ ಹೋಗಲಿಲ್ಲ. ಎಂಥ ಒಗ್ಗಟ್ಟು! ಎಂಥ ಊರು!

ಟಿ.ವಿ. ವ್ಯಾನು ಬಂತು. ಬಂದದ್ದೇ ನೇರವಾಗಿ 'ಉಳಿತಾಯ ಖಾತೆ'ಗೆ ಜಮಾ ಆಯಿತು! ಕ್ಷಣಾರ್ಧದಲ್ಲಿ ಇಡೀ ಬೀದಿ ಓಡಿ ಬಂದು ವ್ಯಾನಿಗೆ ಭುಜ ಕೊಟ್ಟಿತು. "ಹಿಡ್ಕೊಳ್ರೋ, ಅಮ್ಮಾವ್ರೇ ನೀವು ಒಳಗೇ ಕೂತಿರಿ, ಬಡ್ಡಿ ಸಮೇತ ಎತ್ತಿ ಕೊಡ್ತೀವಿ!" ವರದಿಗಾರ್ತಿ ಕೆಳಗಿಳಿಯುವಷ್ಟರಲ್ಲಿ ಒಬ್ಬರು ಅವಳ ಚಪ್ಪಲಿಯ ಕೆಸರು ತೊಳೆದುಕೊಟ್ಟರು, ಮೂರು ಮನೆಯವರು ಟೀ ಕುಡಿಸಿದರು. ನಾಲ್ಕನೆಯ ಟೀ ರಿಪೇರಿಯಣ್ಣನ ಜಗಲಿಯಲ್ಲಿ.

"ಇದನ್ನ ತೋರಿಸಮ್ಮ ನಿಮ್ಮ ವಾರ್ತೆಯಲ್ಲಿ!" ಎಂದ ಅವನು, ಎದೆಯುಬ್ಬಿಸಿ.

"ಇದು ಸುದ್ದಿ ಅಲ್ಲ ಸರ್. ನೀವು ಬೀಳಿಸಿದ್ರೆ ಸುದ್ದಿ, ಎತ್ತಿದ್ರೆ ಏನಿದೆ?" ಎಂದಳು ಹುಡುಗಿ, ಬೇಸರದಿಂದಲೇ.

ಅಷ್ಟರಲ್ಲಿ ಒಳಗಿನ ನಲ್ಲಿಯಲ್ಲಿ ಗೊರಗೊರ ಸದ್ದಾಯಿತು. "ನೀರು ಬಂತು!" ಎಂದು ಹೆಂಡತಿ ಎದ್ದು ಹೋದಳು. ಆ ಊರಿನ ನೀರು ಅಳಿಯನ ಜಾತಿಯದು. ಹೇಳದೆ ಬರುತ್ತದೆ, ಕೇಳದೆ ಹೋಗುತ್ತದೆ. ಬಂದಾಗ ಉಳಿದ ಕೆಲಸವನ್ನೆಲ್ಲ ಬಿಟ್ಟು ಉಪಚರಿಸಬೇಕು. ಹಾಗಾಗಿ ಯಾರೂ ಅತ್ತ ಗಮನ ಕೊಡಲಿಲ್ಲ. ಕ್ಯಾಮೆರಾದವನು ಸ್ಟ್ಯಾಂಡು ನಿಲ್ಲಿಸಿ, ವೈರು ಜೋಡಿಸಿ, ಸ್ಟುಡಿಯೋದ ಅಪ್ಪಣೆಗೆ ಕಾದು, ಅಂತೂ ಕೊನೆಗೆ ಕೈಬೀಸಿದ.

"ವೀಕ್ಷಕರೇ!" ರಿಪೇರಿಯಣ್ಣ ಮೀಸೆ ನೀವಿಕೊಂಡ. "ನಮ್ಮೂರಲ್ಲಿ ನೂರು ಕೊರತೆ ಇರಬಹುದು. ಆದರೆ ನಮ್ಮ ನೆಲ ಬಂಡೆ! ನಮ್ಮ ಜನ ಚಿನ್ನ! ಈ ಊರು ಅಂದಿಗೂ ನಡುಗಿಲ್ಲ, ಇಂದಿಗೂ..."

ಗುಡುಗುಡುಗುಡು!

ಕೈಯಲ್ಲಿದ್ದ ಟೀ ಕಪ್ಪು ಸಾಸರಿನ ಮೇಲೆ ಕುಣಿಯತೊಡಗಿತು. ವರದಿಗಾರ್ತಿಯ ಮುಖ ಸೂರ್ಯಕಾಂತಿಯಾಯಿತು. "ನೋಡ್ತಾ ಇದ್ದೀರಿ! ಈ ಕ್ಷಣ! ನೆಲ ಕಂಪಿಸ್ತಾ ಇದೆ!"

ರಿಪೇರಿಯಣ್ಣನ ಕಿವಿ ನೆಟ್ಟಗಾಯಿತು. ಸದ್ದು ನೆಲದಿಂದಲ್ಲ, ಬೆನ್ನ ಹಿಂದಿನಿಂದ! ಕಪ್ಪನ್ನು ಹುಡುಗಿಯ ಕೈಗೆ ತುರುಕಿ ಒಳಗೆ ಓಡಿದ. ಬಚ್ಚಲಿನಲ್ಲಿ ವಾಷಿಂಗ್ ಮಷೀನು ಬಟ್ಟೆ ಹಿಂಡುತ್ತ, ಗೋಡೆ ಬಿಟ್ಟು ಬಾಗಿಲಿನತ್ತ ವಾಯುವಿಹಾರ ಹೊರಟಿತ್ತು!

"ಏನೇ ಇದು?!"

"ನೀವು ರಿಪೇರಿ ಮಾಡಿದ ಮಷೀನು ರೀ. ದಿನಾ ಹೀಗೇ. 'ಮಷೀನು ನಡೆಯುತ್ತೆ' ಅಂತ ಎಷ್ಟು ಸಲ ಹೇಳಿಲ್ಲ ನಾನು? 'ನಡೀಲಿ ಬಿಡು, ನಿಂತ್ರೆ ತಾನೇ ತೊಂದ್ರೆ' ಅಂದಿದ್ರಿ!"

ವಿಷಯ ಇಷ್ಟು. ಮಷೀನಿನ ಡ್ರಮ್ಮನ್ನು ಹಿಡಿದಿರುವ ಸ್ಪ್ರಿಂಗು ಸವೆದರೆ ಕಂಪೆನಿಯಿಂದ ತರಿಸಬೇಕು, ಅದು ಬರುವುದು ಯಾವಾಗಲೋ. ರಿಪೇರಿಯಣ್ಣ ಅಲ್ಲಿಗೆ ಹಳೆಯ ಸ್ಕೂಟರಿನ ಸ್ಪ್ರಿಂಗು ಜೋಡಿಸುವ ಮಹಾವಿದ್ಯೆಯನ್ನು ಕಂಡುಹಿಡಿದಿದ್ದ. ಗುಂಡಿಗಳ ಕೃಪೆಯಿಂದ ಊರಿನಲ್ಲಿ ಮುರಿದ ಸ್ಕೂಟರಿಗೆ ಬರವಿರಲಿಲ್ಲ. ಗಟ್ಟಿಯೆಂದರೆ ಗಟ್ಟಿ! ಆದರೆ ಇಬ್ಬರು ದಢೂತಿ ಆಸಾಮಿಗಳನ್ನು ಹೊತ್ತ ಸ್ಪ್ರಿಂಗು ನಾಲ್ಕು ಟವೆಲ್ಲುಗಳಿಗೆ ಬಗ್ಗೀತೇ? ಡ್ರಮ್ಮು ತಿರುಗಿದ್ದೇ ತಡ, ಮಷೀನು ತಾನಿನ್ನೂ ರಸ್ತೆಯ ಮೇಲಿದ್ದೇನೆಂದುಕೊಂಡು ಹೊರಟುಬಿಡುತ್ತಿತ್ತು. ಬೆಳಗಿನ ಹೊತ್ತು ಅಂಗಡಿಯಲ್ಲಿ ನಾಲ್ಕಾರು ಮೋಟಾರು ಓಡಿಸಿಕೊಂಡು ಕೂರುತ್ತಿದ್ದ ರಿಪೇರಿಯಣ್ಣನಿಗೆ ಮಾತ್ರ ಈ ಮೆರವಣಿಗೆ ಕಂಡಿರಲಿಲ್ಲ, ಕೇಳಿರಲಿಲ್ಲ.

ಬೇರೆ ದಾರಿ ತೋಚದೆ ಅವನು ಹಾರಿ ಮಷೀನಿನ ಮೇಲೆ ಕುಳಿತ. ಅದೇ ಸಮಯಕ್ಕೆ ಕ್ಯಾಮೆರಾ ಬಚ್ಚಲಿಗೆ ನುಗ್ಗಿತು.

"ಏನ್ ಸರ್ ಇದು?"

"ಏ-ಏ-ಏನಿಲ್ಲಮ್ಮ, ಸು-ಸು-ಸುಮ್ನೆ ಕೂ-ಕೂತಿದ್ದೀನಿ!"

"ಲೋ, ಹೊರಗೆ ಬಾರೋ!" ನಡುಮನೆಯಿಂದ ಅಮ್ಮ ಕೂಗಿದಳು. "ಟಿ.ವಿ.ಲಿ ನೀನು ಕಾಣ್ತಾ ಇದ್ದೀಯ! ಯಾಕೋ ಹಂಗೆ ನಡುಗ್ತಾ ಇದ್ದೀಯ, ಜ್ವರಾನಾ?"

ರಿಪೇರಿಯಣ್ಣನ ಮೈಯ ಜೊತೆಗೆ ಮನಸ್ಸೂ ಅಲುಗಿತು. ಸುಮ್ಮನಿದ್ದರೆ ಊರಿನ ಮಾನ ಹೋಗುತ್ತದೆ, ಬಾಯಿ ಬಿಟ್ಟರೆ ಅಂಗಡಿಯ ಮಾನ. ಮೂವತ್ತು ವರ್ಷ ಕಟ್ಟಿದ ಹೆಸರು! ಆದರೆ ಆ ಹೆಸರನ್ನು ಕೊಟ್ಟವರಾದರೂ ಯಾರು? ಕೆಳಗಿಳಿದ. ಪ್ಲಗ್ಗು ಕಿತ್ತ. ಕ್ಯಾಮೆರಾದ ಮುಂದೆ ಕೈಮುಗಿದು ನಿಂತ.

"ವೀಕ್ಷಕರೇ, ನಡುಗಿದ್ದು ನೆಲ ಅಲ್ಲ, ನನ್ನ ಕೈಕೆಲಸ. ನಮ್ಮೂರಿಗೆ ಕೆಟ್ಟ ಹೆಸರು ಬಂದದ್ದು ನನ್ನಿಂದ. ನಮ್ಮೂರಿನ ಎಲ್ಲರೂ ನನ್ನನ್ನ ಕ್ಷಮಿಸಬೇಕು."

ಇದಕ್ಕಿಂತ ಗಂಭೀರವಾದ ಕ್ಷಣ ಆ ಬಚ್ಚಲು ಕಂಡಿರಲಿಲ್ಲ. ಎಲ್ಲರೂ ಉಸಿರು ಬಿಗಿಹಿಡಿದರು. ಆ ಮೌನದಲ್ಲಿ ಸ್ಪಷ್ಟವಾಗಿ ಕೇಳಿಸಿತು...

ಗುಡುಗುಡುಗುಡು!

ಮಷೀನು ನಿಂತಿದೆ, ಪ್ಲಗ್ಗು ಕೈಯಲ್ಲಿದೆ, ವರದಿಗಾರ್ತಿ ಹಿಡಿದ ಕಪ್ಪು ಇನ್ನೂ ಕುಣಿಯುತ್ತಲೇ ಇದೆ! ರಿಪೇರಿಯಣ್ಣನ ಮುಖ ಬಿಳುಚಿತು. ಹಾಗಾದರೆ ನೆಲವೇ ನಡುಗುತ್ತಿದೆಯೇ? ಎಲ್ಲರೂ ಬೀದಿಗೆ ಓಡಿದರು.

ಬಾಗಿಲಲ್ಲಿ ಪಕ್ಕದ ಮನೆಯ ಅಕ್ಕ, ಬೇಕರಿಯವನು, ಹಲ್ಲಿನ ಡಾಕ್ಟರು, ಇನ್ನೂ ಹತ್ತಾರು ಜನ, ಕದ್ದು ಸಿಕ್ಕಿಬಿದ್ದ ಮಕ್ಕಳ ಹಾಗೆ ತಲೆ ತಗ್ಗಿಸಿ ನಿಂತಿದ್ದರು.

"ಅದು ನಮ್ಮನೇದು," ಎಂದಳು ಅಕ್ಕ.

"ನಮ್ದೂ," ಎಂದ ಬೇಕರಿಯವನು.

"ನಮ್ಮದೂ ಸೇರಿದೆ," ಎಂದರು ಡಾಕ್ಟರು.

ರಿಪೇರಿಯಣ್ಣನ ಕಣ್ಣು ತುಂಬಿ ಬಂತು. "ನೋಡಮ್ಮ, ನೋಡು! ನನ್ನ ಮಾನ ಉಳಿಸೋಕೆ ಎಲ್ಲರೂ ತಪ್ಪು ತಮ್ಮ ಮೇಲೆ ಹೊತ್ಕೊಂಡು ಸುಳ್ಳು ಹೇಳ್ತಾ ಇದ್ದಾರೆ! ಇದು ನಮ್ಮೂರು!"

"ಸುಳ್ಳು ಯಾಕಪ್ಪ ಹೇಳೋಣ?" ಅಕ್ಕ ಸೆರಗಿನಲ್ಲಿ ಬೆವರೊರೆಸಿಕೊಂಡಳು. "ಎಲ್ಲಾ ನೀನೇ ರಿಪೇರಿ ಮಾಡಿದ್ದಲ್ವಾ? ನೀರು ಬಂದ ತಕ್ಷಣ ಎಲ್ಲರೂ ಒಟ್ಟಿಗೇ ಹಾಕ್ತೀವಿ, ಎಲ್ಲಾ ಒಟ್ಟಿಗೇ ಹೊರಡ್ತವೆ."

"ಮತ್ತೆ ನನಗ್ಯಾಕೆ ಯಾರೂ ಹೇಳಲಿಲ್ಲ?"

"ಸಿಕ್ಕಾಗಲೆಲ್ಲ 'ಹೇಗೆ ಓಡ್ತಾ ಇದೆ ಮಷೀನು?' ಅಂತ ಅಷ್ಟು ಅಕ್ಕರೆಯಿಂದ ಕೇಳ್ತಿದ್ರಿ. 'ಚೆನ್ನಾಗಿ ಓಡ್ತಾ ಇದೆ' ಅಂತಿದ್ವಿ," ಎಂದ ಬೇಕರಿಯವನು. "ನಮ್ಮದು ಅಡುಗೆಮನೆವರೆಗೂ ಓಡುತ್ತೆ ಅಣ್ಣಾ."

"ಟಿ.ವಿ.ಯವರು ಜ್ವಾಲಾಮುಖಿ ಅಂದಾಗಲೂ ಬಾಯಿ ಬಿಡಲಿಲ್ವಲ್ಲ!"

"ಊರಿನ ಹೆಸರು ಹೋದ್ರೆ ನಾಳೆ ಬರುತ್ತೆ," ಎಂದರು ಡಾಕ್ಟರು. "ಹೊರಗಿನವರ ಮುಂದೆ ನಮ್ಮ ರಿಪೇರಿಯಣ್ಣನ್ನ ಬಿಟ್ಟುಕೊಡೋಕಾಗುತ್ತಾ?"

ಊರ ಮಾನ ಕಾಯಲು ಹೊರಟ ವೀರ ಎಲ್ಲರ ಮುಖವನ್ನೂ ಒಬ್ಬೊಬ್ಬರದಾಗಿ ನೋಡಿದ. ಅವನ ಮಾನವನ್ನು ಊರು ಎಂದಿನಿಂದಲೋ, ಲೋಟ ಕುಣಿಸಿಕೊಂಡೇ, ಕಾಯುತ್ತ ಬಂದಿತ್ತು.

ವರದಿಗಾರ್ತಿ ಕಿವಿಯಿಂದ ವೈರು ತೆಗೆದಳು. "ಸಾರಿ ಸರ್. ನೀವು ಕ್ಷಮೆ ಕೇಳಿ ಮುಗಿಸಿದ್ದೇ ತಡ, ಬರೀ ವಾಷಿಂಗ್ ಮಷೀನು ಅಂತ ಸ್ಟುಡಿಯೋದವರು ಬೇರೆ ಊರಿಗೆ ಹೋದ್ರು. ಅಲ್ಲಿ ಬಾವಿಯಿಂದ ಹೊಗೆ ಬರ್ತಿದೆಯಂತೆ. ಕ್ಷಮೆ ಕೇಳೋದು ಈಗ ಆಗಲ್ಲ."

"ಆಯ್ತಲ್ಲಮ್ಮ!" ಎಂದಳು ಹೆಂಡತಿ. "ಟಿ.ವಿ.ಯಲ್ಲಿ ನಮ್ಮೂರಿಗೆ ಕ್ಷಮೆ ಕೇಳಿಸ್ತೀನಿ ಅಂದಿದ್ರು, ಕೇಳಿಸಿದ್ರು. ಬಾಯಿ ಮಾತ್ರ ಇವರದೇ."

ಹುಡುಗಿ ನಕ್ಕಳು. ಹೋಗುವಾಗ ಅವಳ ವ್ಯಾನಿಗೆ ಬೇಕರಿಯವನು ಒಂದು ಡಬ್ಬ ಬಿಸ್ಕತ್ತು ಇಟ್ಟ. ಬೀದಿಯ ಜನ ಮುಂದೆ ನಡೆದು, ಗುಂಡಿಗಳ ಹೆಸರು ಹೇಳಿ ಪರಿಚಯಿಸುತ್ತ, ಗಡಿ ದಾಟಿಸಿ ಬಂದರು.

ಆಮೇಲೆ ರಿಪೇರಿಯಣ್ಣ ಅಂಗಡಿಗೆ ಬೀಗ ಹಾಕಿ, ಪಟ್ಟಣಕ್ಕೆ ಹೋಗಿ ಕಂಪೆನಿಯ ಸ್ಪ್ರಿಂಗುಗಳನ್ನೇ ಹೊತ್ತು ತಂದ. ಮನೆ ಮನೆಗೂ ಹೋಗಿ ಒಂದು ಬಿಡದೆ ಬದಲಾಯಿಸಿದ. ಕೊನೆಯ ಮಷೀನು ಬೆಕ್ಕಿನ ಹಾಗೆ ಗುರುಗುಟ್ಟಿದಾಗ ಅವನ ಎದೆ ಮತ್ತೆ ಉಬ್ಬಿತು. ಮರುದಿನ ಬೆಳಗ್ಗೆ ಊರು ಪರಮ ಶಾಂತ! ಲೋಟಗಳೆಲ್ಲ ಸಭ್ಯವಾಗಿ ನಿಂತಿದ್ದವು. ಜಗಲಿಯಲ್ಲಿ ಕೂತು ಅವನು ಆ ಮೌನವನ್ನು ಬಹುಮಾನದಂತೆ ಸವಿಯುತ್ತಿದ್ದ.

ಆಗ ಬಂತು ನಿಯೋಗ. ಖಾಲಿ ಕೊಡಗಳ ಸಮೇತ.

"ಏನಪ್ಪ ನೀನು ಮಾಡಿದ್ದು!" ಅಕ್ಕ ಸಿಡಿದಳು. "ಇಷ್ಟು ದಿನ ಯಾರ ಮನೆ ಮಷೀನು ಮೊದಲು ಗುಡುಗುತ್ತೋ, ಅದರಿಂದಲೇ ನೀರು ಬಂತು ಅಂತ ಬೀದಿಗೆಲ್ಲ ಗೊತ್ತಾಗ್ತಿತ್ತು. ಇವತ್ತು ನೀರು ಬಂದು, ಹೋಗಿ, ಒಂದು ಸದ್ದಿಲ್ಲ! ಬೀದಿಯಲ್ಲಿ ಯಾರ ಮನೆಯಲ್ಲೂ ಸ್ನಾನವಿಲ್ಲ!"

"ಎಲ್ಲಾ ಸರಿಯಾಗೇ ಇರಲಿ ಅಣ್ಣಾ," ಬೇಕರಿಯವನು ರಾಜಿಗೆ ಬಂದ. "ಊರ ಉಪಕಾರಕ್ಕೆ ಅಂತ ನಿಮ್ಮನೇದು ಒಂದನ್ನ ಮಾತ್ರ ಮೊದಲಿನ ಹಾಗೇ ಕೆಡಿಸಿಡಿ."

ರಿಪೇರಿಯಣ್ಣನಿಗೆ ಆ ಕೀರ್ತಿಯ ಭಾರಕ್ಕೆ ಕುತ್ತಿಗೆ ಬಾಗಿತು. ಒಳ್ಳೆಯ ಕೆಲಸ ಕಲಿತ ಕೈ ಬೇಕೆಂದೇ ಕೆಡಿಸುವುದು ಹೇಗೆ? "ಆದರೂ... ಕೆಡಿಸೋದು ಅಂದ್ರೆ..." ಎಂದು ತಡವರಿಸಿದ.

ಒಳಗಿನಿಂದ ಹೆಂಡತಿ ಕೂಗಿ ಹೇಳಿದಳು:

"ನೀವು ಕೆಡಿಸೋ ಕಷ್ಟವೆಲ್ಲ ಯಾಕೆ ತಗೋತೀರಿ? ಇನ್ನೊಂದು ಸಲ ರಿಪೇರಿ ಮಾಡಿ, ಸಾಕು!"