ವೈಡ್ ಹಿಡಿಯುವ ಮಗಳು

ಕೆಲವು ಪದಗಳನ್ನು ನಾವು ಚಿಕ್ಕಂದಿನಲ್ಲಿ ಅರೆಬರೆ ಕಲಿತು, ಆಮೇಲೆ ಜೀವನಪೂರ್ತಿ ಧೈರ್ಯವಾಗಿ ಬಳಸುತ್ತೇವೆ. ನನ್ನ ಪಾಲಿಗೆ ಅಂಥ ಪದ ‘ವೈಡ್’. ಮೈಸೂರಿನ ಖಾಲಿ ಸೈಟುಗಳಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದ ನನಗೆ ವೈಡ್ ಎಂದರೆ ಬೌಲರನ ಮಾನ ಹೋಗುವ ಸಂಗತಿ. ಆ ಚೆಂಡನ್ನು ಹೆಕ್ಕಿ ತರಲು ಚರಂಡಿಯವರೆಗೆ ಓಡುವುದು ತಂಡದ ಬಡಪಾಯಿಯ ಕೆಲಸ. ಬಡಪಾಯಿ ಬಹುಪಾಲು ನಾನೇ ಆಗಿರುತ್ತಿದ್ದೆ. ಆದ್ದರಿಂದ ಹೋದ ವರ್ಷ ಮಗಳು ಸಿಂಚನಾ ಮೈದಾನದಿಂದ ಕುಣಿಯುತ್ತ ಬಂದು, "ಅಪ್ಪ, ಐ ಆಮ್ ಎ ವೈಡ್ ರಿಸೀವರ್!" ಎಂದಾಗ ನನ್ನ ಕರುಳು ಚುರುಕ್ಕೆಂದಿತು. "ಬೇಜಾರು ಮಾಡ್ಕೋಬೇಡ ಪುಟ್ಟಿ, ಮುಂದಿನ ವರ್ಷ ಬ್ಯಾಟಿಂಗ್ ಕೊಡ್ತಾರೆ" ಎಂದು ತಲೆ ಸವರಿದೆ.

ಅವಳು ಒಂದು ಗಂಟೆ ಹಣೆ ಚಚ್ಚಿಕೊಂಡು ವಿವರಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು. ಇದು ಅಮೆರಿಕದವರ ಫುಟ್‌ಬಾಲ್, ಹೆಸರಿನಲ್ಲಿ ಕಾಲಿದ್ದರೂ ಆಡುವುದು ಹೆಚ್ಚಾಗಿ ಕೈಯಲ್ಲಿ. ಕೊಲ್ಲಿ ದೇಶದಲ್ಲಿ ನಾವೀಗಿರುವ ಅಲ್ ಖೌದ್‌ನ ಈ ಹುಡುಗಿಯರ ತಂಡದಲ್ಲಿ ಗುದ್ದುವುದು, ಕೆಡವುವುದು ಇಲ್ಲ. ಎದುರಾಳಿಯ ಸೊಂಟಕ್ಕೆ ಸಿಕ್ಕಿಸಿದ ಪಟ್ಟಿ ಕಿತ್ತರೆ ಸಾಕು. ಒಬ್ಬಳು ಚೆಂಡು ಎಸೆಯುತ್ತಾಳೆ. ಮೈದಾನದ ಅಂಚಿನಿಂದ ಓಡಿ ಅದನ್ನು ಹಿಡಿಯುವವಳು ವೈಡ್ ರಿಸೀವರ್. ಚೆಂಡನ್ನು ನೋಡಿದ ನನ್ನ ಹೆಂಡತಿ, "ಇದೇನ್ರೀ, ಸಿಪ್ಪೆ ಸುಲಿಯದ ತೆಂಗಿನಕಾಯಿ" ಎಂದಳು. ಎತ್ತಿಕೊಂಡು ನೋಡಿದೆ. ತೆಂಗಿನಕಾಯಿಯಾದರೂ ಹೇಳಿದ ಮಾತು ಕೇಳುತ್ತದೆ, ಇದು ಕೇಳುವ ಜಾತಿಯದಲ್ಲ.

ಹೋದ ವರ್ಷ ಸಿಂಚನಾಳ ಆಟವೆಲ್ಲ ಬೆಂಚಿನ ಮೇಲೆಯೇ ಮುಗಿಯಿತು. ಕೊನೆಯ ಪಂದ್ಯದಲ್ಲಿ ಸಿಕ್ಕ ಒಂದೇ ಅವಕಾಶದಲ್ಲಿ ಚೆಂಡು ಅವಳ ಎರಡೂ ಕೈಗಳ ನಡುವೆ ತೂರಿ ಹೋಯಿತು. ತಂಡದ ಕೋಚ್ ಮಿತಭಾಷಿ ಹೆಂಗಸು. "ಕಾಲು ಇದೆ, ತಲೆ ಇದೆ. ಆದರೆ ಚೆಂಡು ಕೈ ಸೇರುವ ಮುಂಚೆಯೇ ಕಣ್ಣು ಮುಂದೆ ಓಡುತ್ತದೆ. ಅದೊಂದು ಸರಿಹೋದರೆ ಮುಂದಿನ ಸೀಸನ್ ಇವಳದೇ" ಎಂದರಂತೆ. ನನ್ನ ಹೆಂಡತಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಲ್ಲ. "ಊಟದ ಡಬ್ಬಿ ಮೇಜಿನ ಮೇಲೆ ಬಿಟ್ಟು ರುಸೈಲ್‌ನ ಫ್ಯಾಕ್ಟರಿ ತಲುಪೋರ ಮಗಳಲ್ವಾ" ಎಂದಳು. ಆದರೆ ಸಿಂಚನಾ ನಗಲಿಲ್ಲ. ಅವಳಿಗೆ ಹದಿನೇಳು, ಈ ತಂಡದಲ್ಲಿ ಬರುವುದೇ ಅವಳ ಕಡೆಯ ಸೀಸನ್. ಅದಕ್ಕೆ ತಂಡ ಆರಿಸುವ ಆಯ್ಕೆಯ ದಿನ ಮತ್ತೆ ಬೆಂಚಿಗೆ ಹೋದರೆ ಅಲ್ಲಿಗೆ ಮುಗಿಯಿತು. "ಅಪ್ಪ, ನೀನು ಎಸಿ. ನಾನು ಹಿಡೀತೀನಿ. ಐವತ್ತು ಕ್ಯಾಚ್. ಮಧ್ಯೆ ಒಂದು ಬಿಟ್ರೂ ಮತ್ತೆ ಒಂದರಿಂದ."

ನಾನು ರುಸೈಲ್‌ನ ಪೈಪ್ ಕಾರ್ಖಾನೆಯಲ್ಲಿ ಕ್ವಾಲಿಟಿ ಕಂಟ್ರೋಲ್ ನೋಡಿಕೊಳ್ಳುವವನು. ಕೂದಲೆಳೆಯಷ್ಟು ಡೊಂಕಿರುವ ಪೈಪನ್ನೂ ಪಕ್ಕಕ್ಕೆ ಎತ್ತಿಡಿಸುವ ಮನುಷ್ಯ. ಅಂಥವನು ಬೆಳಗಿನ ಐದೂವರೆಗೆ, ಬಿಸಿಲೇರುವ ಮುಂಚೆ, ನಮ್ಮ ಬಿಲ್ಡಿಂಗಿನ ಹಿಂದಿನ ಮರಳು ಜಾಗದಲ್ಲಿ ನಿಂತು ಎಸೆದ ಚೆಂಡುಗಳನ್ನು ನೀವು ನೋಡಬೇಕಿತ್ತು. ಒಂದು ಎ.ಸಿ. ಡಬ್ಬಕ್ಕೆ ಬಡಿಯಿತು, ಇನ್ನೊಂದು ಮಲಗಿದ್ದ ಬೆಕ್ಕನ್ನು ಎಬ್ಬಿಸಿತು, ಮತ್ತೊಂದು ನನ್ನ ಬೆನ್ನ ಹಿಂದೆಯೇ ಬಿತ್ತು. ಮೂಲೆಯ ಕಿರಾಣಿ ಅಂಗಡಿಯ ಹಮೀದಾಕ ಉಪ್ಪಿನಂಗಡಿ ಕಡೆಯವರು. ಹಾಲಿನ ಪ್ಯಾಕೆಟ್ ಜೋಡಿಸುವುದನ್ನು ಬಿಟ್ಟು, "ಎಂತ ಸಾರ್, ಇದು ಮಗಳಿಗೆ ಬಿಸಾಡುವುದಾ, ನನ್ನ ಬೋರ್ಡಿಗಾ? ಇನ್ನೊಂದು ಬಿದ್ರೆ ಬೋರ್ಡು ಖಲಾಸ್ ಮಾರಾಯ್ರೆ!" ಎಂದು ಕೂಗುತ್ತಿದ್ದರು. ಸಿಂಚನಾ ಮಾತ್ರ ಬೆವರು ಒರೆಸಿಕೊಂಡು, "ಇಟ್ಸ್ ಓಕೆ ಅಪ್ಪ. ಎಗೈನ್" ಎನ್ನುತ್ತಿದ್ದಳು. ಎಡಕ್ಕೆ ಹೋದರೆ ಎಡಕ್ಕೆ ಹಾರುವಳು, ಮೇಲೆ ಹೋದರೆ ನೆಗೆಯುವಳು, ಮೊಣಕಾಲು ತರಚಿದರೆ ಮರಳು ಕೊಡವಿಕೊಂಡು ಏಳುವಳು. ಮೊದಲ ವಾರ ಹನ್ನೊಂದು ದಾಟಲಿಲ್ಲ. ಮೂರನೆಯ ತಿಂಗಳಿಗೆ ಐವತ್ತು ಮುಟ್ಟಿದಳು. ನನಗೆ ಅವಳ ಬಗ್ಗೆ ಎಷ್ಟು ಹೆಮ್ಮೆಯೋ ನನ್ನ ಬಗ್ಗೆ ಅಷ್ಟೇ ನಾಚಿಕೆಯಾಯಿತು.

ಮಗಳಿಗಿರುವ ಛಲ ಅಪ್ಪನಿಗೆ ಬೇಡವೇ? ವಿಡಿಯೋ ನೋಡಿ, ಊಟದ ಬಿಡುವಿನಲ್ಲಿ ಗೋಡೌನಿನ ಹಿಂದಿನ ಗೋಡೆಗೆ ಗುಟ್ಟಾಗಿ ಎಸೆದು ಎಸೆದು ಕಲಿತೆ. ನಾನು ನೋಯುವ ಭುಜ ಹಿಡಿದುಕೊಂಡಿದ್ದನ್ನು ಕಂಡ ಫೋರ್ಮನ್ ಹೃದಯದ ತೊಂದರೆಯೆಂದು ಹೆದರಿ ಕುರ್ಚಿ ತರಿಸಿದ್ದೂ ಆಯಿತು. ಕೊನೆಗೊಂದು ದಿನ ಚೆಂಡು ಗಿರ್ರನೆ ತಿರುಗುತ್ತ ನೇರವಾಗಿ ಹೋಯಿತು. ಆಯ್ಕೆಯ ಹಿಂದಿನ ಬೆಳಿಗ್ಗೆ ಅದನ್ನೇ ಮಗಳಿಗೆ ಉಡುಗೊರೆ ಕೊಡುವವನಂತೆ ಎಸೆದೆ. ಹಮೀದಾಕ ಚಪ್ಪಾಳೆ ತಟ್ಟಿದರು. ಚೆಂಡು ಸೀದಾ ಅವಳ ಎದೆಗೆ ತಾಗಿ ಕೆಳಗೆ ಬಿತ್ತು. ಇನ್ನೂ ಮೂರು ಎಸೆದೆ, ಒಂದಕ್ಕಿಂತ ಒಂದು ಚೆಂದ. ಮೂರೂ ನೆಲಕ್ಕೆ.

ಸಿಂಚನಾ ಮರಳಿನ ಮೇಲೆ ಕೂತುಬಿಟ್ಟಳು. ಮೂರು ತಿಂಗಳ ಶ್ರಮವನ್ನು ನನ್ನ ಒಣಹೆಮ್ಮೆ ಹಾಳು ಮಾಡಿತೆಂದು ಬೈದುಕೊಂಡೆ. ಬೆರಳಿನಿಂದ ಮರಳು ಗೀಚುತ್ತ ಅವಳೇ ಹೇಳಿದಳು: "ನಿನ್ನ ಬಾಲ್ ಎಲ್ಲಿಗೆ ಹೋಗತ್ತೆ ಅಂತ ನಿಂಗೇ ಗೊತ್ತಿರಲ್ಲ ಅಪ್ಪ. ಸೋ, ಕೈಗೆ ಬರೋವರೆಗೂ ನಾನು ಕಣ್ಣು ತೆಗೀತಿರಲಿಲ್ಲ. ನೀನು ಚೆನ್ನಾಗಿ ಎಸೆದ್ರೆ ನಾನು ನಂಬಿಬಿಡ್ತೀನಿ. ನಂಬಿದ ತಕ್ಷಣ ಮುಂದೆ ನೋಡ್ತೀನಿ." ಎದ್ದು ನಿಂತು ಚೆಂಡನ್ನು ನನ್ನ ಕೈಗಿಟ್ಟಳು. "ಎಗೈನ್. ನೇರವಾಗೇ ಎಸಿ." ಅಂದು ನಾನು ಕಾರ್ಖಾನೆಗೆ ಒಂದು ಗಂಟೆ ತಡವಾಗಿ, ಡಬ್ಬಿಯಿಲ್ಲದೆ ಹೋದೆ.

ಮರುದಿನ ಸಂಜೆ ಆಯ್ಕೆಯನ್ನು ಬೇಲಿಯಾಚೆ ನಿಂತು ನೋಡಿದೆ. ಪ್ರತಿ ಸಲ ಓಡುವ ಮುನ್ನ ಅವಳ ತುಟಿ ಏನೋ ಗೊಣಗುತ್ತಿತ್ತು. ಒಂದೂ ಬಿಡಲಿಲ್ಲ. ಕೋಚ್ ಕಾಗದದಲ್ಲಿ ಅವಳ ಹೆಸರನ್ನು ಮೊದಲು ಬರೆದರು. ಕಾರಿನಲ್ಲಿ ಕೇಳಿದೆ: "ಏನು ಪುಟ್ಟಿ, ಮಂತ್ರ ಹೇಳ್ಕೋತಿದ್ಯಾ?" ಕಿಟಕಿಯ ಕಡೆ ನೋಡುತ್ತ, "‘ಅಪ್ಪನ ಬಾಲ್, ಅಪ್ಪನ ಬಾಲ್’ ಅಂತ" ಎಂದಳು. ದಾರಿ ಮಂಜಾಗಿ ಕಂಡದ್ದಕ್ಕೆ ಧೂಳೇ ಕಾರಣವೆಂದು ಮನೆಯಲ್ಲಿ ಹೇಳಿದ್ದೇನೆ.

ಮುಂದಿನ ವಾರ ಸೀಸನ್ ಶುರು. ಅಲ್ಲಿಯವರೆಗೂ ದಿನಾ ಐವತ್ತು ಕ್ಯಾಚ್, ಎಲ್ಲವೂ ಹಳೆಯ ಥರದ ಸೊಟ್ಟ ಎಸೆತವೇ ಬೇಕೆಂದು ಅವಳ ಆಜ್ಞೆ, ಆಗಲೇ ಕಣ್ಣು ಕದಲುವುದಿಲ್ಲವಂತೆ. ವೈಡ್ ರಿಸೀವರ್ ಎಂದರೆ ವೈಡ್ ಹಿಡಿಯುವವಳು ಎಂದು ನಾನು ಮೊದಲೇ ಅಂದುಕೊಂಡಿರಲಿಲ್ಲವೇ? ಆದರೆ ಈ ಹಾಳು ಕೈ ನೇರ ಎಸೆಯುವುದನ್ನು ಕಲಿತುಬಿಟ್ಟಿದೆ. ಹಾಗಾಗಿ ಊಟದ ಬಿಡುವಿನಲ್ಲಿ ಮತ್ತೆ ಗೋಡೌನಿನ ಹಿಂದೆ ಅಭ್ಯಾಸ ನಡೆಸಿದ್ದೇನೆ. ಚೆಂಡು ನೇರ ಹೋದಾಗಲೆಲ್ಲ ಹಲ್ಲು ಕಡಿಯುತ್ತೇನೆ. ನಿನ್ನೆ, ಬಹಳ ದಿನಗಳ ಮೇಲೆ, ಒಂದು ಚೆಂಡು ಕಾಂಪೌಂಡ್ ದಾಟಿ ಮ್ಯಾನೇಜರರ ಕಾರಿನ ಮೇಲೆ ಬಿತ್ತು. ಅಚ್ಚ ಅಪ್ಪನ ಬಾಲ್!